ಮೂರು ಸಾಲಿನ ಹೇಳಿಕೆ

ಮಹಾರುದ್ರಪ್ಪ ದಫ್ತರದ ಖೋಲಿಯಲ್ಲಿ ಒಂದು ಹಳೆಯ ವಿಚಾರಣೆಯ ಕಡತವನ್ನು ಕದ್ದು ಓದುತ್ತಿದ್ದ. ಹುಮನಾಬಾದಿನ ತಹಸೀಲ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿ, ಊರೂರು ತಿರುಗಿ ಲೆಕ್ಕವಿಲ್ಲದಷ್ಟು ಹೇಳಿಕೆ ಬರೆದುಕೊಂಡು ಮರೆತವನು, ಇಂಥ ಕಳ್ಳತನ ಇದೇ ಮೊದಲು. ಮಗಳ ಬಾಳಿನ ಪ್ರಶ್ನೆ, ಮತ್ತೇನು ಮಾಡಿಯಾನು?

ಚಿಟಗುಪ್ಪದ ವರ ಶಿವರಾಜನಿಗೆ ಅಂಗಡಿ ಇತ್ತು, ಹೊಲ ಇತ್ತು. ಮೊದಲ ಹೆಂಡತಿ ಕೇಶರಬಾಯಿ ಮಾತ್ರ ಮೂರು ವರ್ಷದ ಹಿಂದೆ, ಎಪ್ಪತ್ತೆಂಟನೇ ಇಸವಿಯಲ್ಲಿ, ಸ್ಟವ್ ಸಿಡಿದು ಸತ್ತಿದ್ದಳು. ತಾನಾಗಿ ಸಿಡಿಯಿತೋ ಯಾರಾದರೂ ಹಚ್ಚಿದರೋ ಎಂದು ಊರವರ ಗುಸುಗುಸು. ನೆರೆಮನೆಯ ಸೋನುಬಾಯಿ ಕಣ್ಣಾರೆ ಕಂಡವಳಂತೆ, ಹೋಗಿ ಒಂದು ಮಾತು ಕೇಳಿ ಬರ್ರಿ ಎಂದು ಮಾಣಿಕಮ್ಮ ಗಂಡನ ಜೀವ ತಿನ್ನುತ್ತಿದ್ದಳು.

ಕೇಳುವುದೇನು ಮಣ್ಣು! ಆಗಿನ ವಿಚಾರಣೆಯಲ್ಲಿ ಸೋನುಬಾಯಿ ಕೊಟ್ಟ ಹೇಳಿಕೆ ಕಡತದಲ್ಲೇ ಇತ್ತಲ್ಲ. ಟೈಪಾದ ನಕಲು ಪ್ರತಿ. ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ 'ಅಬ್ರಿಜ್ಡ್'. ಕೆಳಗೆ ಮೂರೇ ಸಾಲು. ಸಾಕ್ಷಿ ನೆರೆಮನೆಯವಳು. ಸ್ಟವ್‌ನಿಂದ ಬೆಂಕಿ ತಗುಲಿದ್ದನ್ನು ಕಂಡಿದ್ದಾಳೆ. ಹೆಚ್ಚಿಗೆ ಏನೂ ಹೇಳುವುದಿಲ್ಲ. ಬುಡಕ್ಕೆ, ಬರೆದುಕೊಂಡವರ ಜಾಗದಲ್ಲಿ, 'ಸಹಿ ಇದೆ' ಎಂದಷ್ಟೇ ಇತ್ತು, ಯಾರದೆಂದು ಇರಲಿಲ್ಲ. ಸರಕಾರಿ ಕಾಗದ, ಯಾರದಾದರೇನು ಎಂದುಕೊಂಡ.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದ. ಅದೇನು ಹಂಗಂದ್ರ ಎಂದು ಆಕೆ ಆ ಇಂಗ್ಲಿಷ್ ಮಾತಿನ ಅರ್ಥ ಕೇಳಿದಳು. ಅವನಿಗೆ ಖುಷಿಯೋ ಖುಷಿ. ಇಡೀ ಕಚೇರಿಗೆ ಆ ಮಾತು ಕಲಿಸಿದವನೇ ಅವನು.

"ಅಬ್ರಿಜ್ಡ್ ಅಂದ್ರ ಹೊಟ್ಟು ತೂರಿ ಕಾಳು ಉಳಿಸೋದು. ಬ್ಯಾಡಾದ್ದು ಹೋಗಿರ್ತದ, ಖರೇದು ಉಳಿದಿರ್ತದ."

ಮಾಣಿಕಮ್ಮ ಮೂರು ಸಾಲಿನಾಗ ಒಂದು ಹೆಣ್ಣಿನ ಸಾವು ಹಿಡಿಸ್ತದೇನ್ರಿ ಎಂದಳು. ಅವನು ಅಡ್ಡ ಬಾಯಿ ಹಾಕಬೇಡ ಎಂದ. ಮಗಳು ಮೀರಾಬಾಯಿ ಬಾಗಿಲ ಮರೆಯಿಂದ ಒಂದೇ ಒಂದು ಪ್ರಶ್ನೆ ಕೇಳಿದಳು.

"ಅಪ್ಪಾ, ನೀವು ಪೂರಾ ಓದೀರಲ್ಲ?"

"ಓದೀನವ್ವಾ."

ಮದುವೆ ಚಿಟಗುಪ್ಪದಲ್ಲೇ ಆಯಿತು. ಅಕ್ಕಿಕಾಳು ಬೀಳುವಾಗಲೂ ಮಹಾರುದ್ರಪ್ಪ ಗಡಿಯಾರ ನೋಡುತ್ತಿದ್ದ. ಎಂಥ ಊರಿಗೆ ಎಂಥ ಕೆಲಸಕ್ಕೆ ಹೋದರೂ ನಾಲ್ಕರ ಬಸ್ಸು ತಪ್ಪಿಸಿಕೊಂಡವನಲ್ಲ, ಆ ಹುಚ್ಚು ಅವನಿಗೆ ಮೊದಲಿನಿಂದಲೂ. ಪಂಗತಿಯಲ್ಲಿ ಒಬ್ಬ ಮುದುಕಿ ಅವನನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಎಲೆ ಬಿಟ್ಟು ಎದ್ದು ಹೋದಳು. ಅವಳೇ ಸೋನುಬಾಯಿ ಎಂದು ಯಾರೋ ಹೇಳಿದರು. ಹೊಟ್ಟೆಕಿಚ್ಚು ಇದ್ದೀತು ಎಂದು ಅವನು ನಕ್ಕ.

ಪಂಚಮಿಗೆ ತವರಿಗೆ ಬರಬೇಕಾದ ಮೀರಾಬಾಯಿ ಬರಲಿಲ್ಲ. ಸುದ್ದಿ ಬಂತು. ಸ್ಟವ್ ಸಿಡಿಯಿತಂತೆ.

ಮಣ್ಣು ಕೊಟ್ಟು ಬಂದು ಮಹಾರುದ್ರಪ್ಪ ಸೋನುಬಾಯಿಯ ಕಟ್ಟೆಯ ಮೇಲೆ ಕುಸಿದು ಕೂತ. ಆ ಕಾಗದವನ್ನು ನಂಬಿ ಕೆಟ್ಟೆ ಎಂದು ಅತ್ತ. ಆಮೇಲೆ ಆ ಮುದುಕಿಯ ಮೇಲೇ ಸಿಟ್ಟು ಬಂತು.

"ಕಣ್ಣಾರೆ ಕಂಡಿದ್ದು ವಿಚಾರಣೆಯೊಳಗ ಯಾಕ ಹೇಳಲಿಲ್ಲವ್ವಾ?"

ಸೋನುಬಾಯಿ ಅವನ ಮುಖವನ್ನೇ ನೋಡಿದಳು.

"ಹೇಳಾಕತ್ತಿದ್ದೆನಲ್ರಿ. ಕೇಶರಬಾಯಿ ಅತ್ತಿ ಬೆಂಕಿಕಡ್ಡಿ ಗೀರಿದ್ದು ಹೇಳಬೇಕನ್ನೂದರಾಗ, 'ಹೆಚ್ಚಿಗಿ ಬ್ಯಾಡವ್ವಾ, ನಾಕರ ಬಸ್ ಹೋಗ್ತದ' ಅಂತ ನೀವೇ ಪೆನ್ನು ಮುಚ್ಚಿದ್ರಿ."