ಚುಕ್ಕೆಯಿಲ್ಲದ ಜೇನು

ಊರ ಜೇನುಗಳೆಲ್ಲ ಗೂಡು ಸೇರಿದ ಮೇಲೆಯೇ ಬೀದಿಕೊನೆಯ ದೀಪ ಹಸಿರಾಗುತ್ತದೆ. ಅಲ್ಲಿಯವರೆಗೆ ಯಾರೂ ಔಷಧಿ ಹೊಡೆಯುವಂತಿಲ್ಲ. ತಂಗೆವ್ವ ಪಂಪು ಹೊತ್ತು ಹಿತ್ತಲ ಮಾವಿನಡಿ ಕಾಯುತ್ತಿದ್ದಳು. ಹೂವಿಗೆ ಬೂದಿರೋಗ ಹತ್ತಿತ್ತು. ಇಂದು ಹೊಡೆಯದಿದ್ದರೆ ಈ ವರ್ಷ ಕಾಯಿಲ್ಲ.

ದೀಪ ಹಸಿರಾಯಿತು. ಗೋಡೆಯಾಚೆ ನೆರೆಮನೆಯ ಬಾಳಪ್ಪನ ಪಂಪು ಗುಡುಗಿತು. ತಂಗೆವ್ವನ ಕೈ ಮಾತ್ರ ಅರ್ಧಕ್ಕೇ ನಿಂತಿತು. ಹೂಗೊಂಚಲಿನಲ್ಲಿ ಜೇನೊಂದು ಕೂತಿತ್ತು. ಊರ ಜೇನಿನ ಬೆನ್ನಿಗಿರುವ, ದೀಪ ಎಣಿಸುವ ಬಿಳಿ ಚುಕ್ಕೆ ಅದಕ್ಕಿರಲಿಲ್ಲ. ಕಾಡುಜೇನನ್ನು ಅವಳು ಕಂಡದ್ದು ಅಜ್ಜಿಯ ಮಾತಿನಲ್ಲಷ್ಟೇ.

"ಬಾಳಣ್ಣಾ, ನಿಂದರ್ಸು! ಒಂದು ಹೊರಗೈತಿ!"

"ಹಸಿರು ಹತ್ತೈತಲ್ಲಬೇ, ಎಲ್ಲಾ ಒಳಗ ಹೋಗ್ಯಾವ!"

"ಇದು ಆ ಲೆಕ್ಕದಾಗಿಲ್ಲೋ!"

ಔಷಧಿಯ ಮಂಜು ಗೋಡೆ ದಾಟಿತು. ಅವಳು ಗೊಂಚಲಿಗೆ ಸೆರಗು ಹೊದಿಸಿ, ಮಂಜಿಗೆ ಬೆನ್ನು ಕೊಟ್ಟಳು. ಆಚೆಯ ಪಂಪು ನಿಂತಿತು.

"ಬದುಕೈತೇನು?"

ಸೆರಗಿನೊಳಗೆ ಗುಂಯ್ ಎಂದಿತು.

"ಬದುಕೈತಿ. ಈ ವರ್ಷ ಉಪ್ಪಿನಕಾಯಿ ಮಾತ್ರ ಕೇಳಬ್ಯಾಡ."