ಹೆಗಲ ಮೇಲಿನ ಚೀಲ

"ಹೇಳಿದ್ದು ಯಾರು?"

ಲಾರೆನ್ಸ್ ಹೇಲ್‌ನ ದನಿಗೆ ಹೋಟೆಲಿನ ವರಾಂಡವೆಲ್ಲ ತಿರುಗಿ ನೋಡಿತು.

"ಅದು ಬಿಡಿ," ಎಂದರು ಗಾಲ್ಫ್ ಸಮಿತಿಯ ಅಧ್ಯಕ್ಷರು. "ಕೂಲಿಗೆ ಬೇರೆಯವರ ಗಾಲ್ಫ್ ಚೀಲ ಹೊತ್ತಿದ್ದು ನಿಜಾನಾ, ಸುಳ್ಳಾ?"

ಹಾಗೆ ಕೂಲಿಗೆ ಹೊತ್ತವನು ಬೆಳ್ಳಿ ಕಪ್‌ಗೆ ಆಡುವಂತಿಲ್ಲ. ೧೯೦೩ರ ಬೇಸಿಗೆಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಈ ಬೆಟ್ಟದ ಹೋಟೆಲಿನಲ್ಲಿ ಜಾತಿ ಇರಲಿಲ್ಲ, ಎರಡು ಬಾಗಿಲುಗಳಿದ್ದವು ಅಷ್ಟೇ. ಮುಂಬಾಗಿಲು ಆಡುವವರಿಗೆ. ಅಡುಗೆಮನೆಯ ಬಾಗಿಲು ಆಡಿಸುವವರಿಗೆ.

ಲಾರೆನ್ಸ್ ತಲೆ ತಗ್ಗಿಸಿದ. ನಾಳೆಯ ಫೈನಲ್ ಕೈತಪ್ಪಿತು. ಕಾಗದದ ಗಿರಣಿಯ ಒಡೆಯರ ಮಗಳು ಆಗಸ್ಟಾ ಅವನು ತೊಡಿಸಿದ್ದ ಉಂಗುರ ಕಳಚಿ ಮೇಜಿನ ಮೇಲಿಟ್ಟಳು.

"ಬಾಸ್ಟನ್ನಿನ ಹಡಗು ಮಾಲೀಕರ ಮನೆತನ ಅಂದಿದ್ರಿ," ಎಂದಷ್ಟೇ ಅಂದಳು.

ಎದುರಾಳಿ ಪೆಂಬರ್ಟನ್ ಮೀಸೆಯಡಿ ನಗುತ್ತಿದ್ದ. ಆದರೆ ಅವನಿಗೆ ತಿಳಿದಿರಲು ಸಾಧ್ಯವೇ ಇಲ್ಲ. ಈ ದೇಶದಲ್ಲಿ ಆ ಗುಟ್ಟು ಗೊತ್ತಿದ್ದವನು ಒಬ್ಬನೇ.

ಡೂಗಲ್ ಮಕ್ಫೀ ಷೆಡ್ಡಿನಲ್ಲಿ ಗಾಲ್ಫ್ ಕೋಲಿನ ಹಿಡಿಗೆ ಚರ್ಮ ಸುತ್ತುತ್ತಿದ್ದ. ಹೋಟೆಲಿನವರು ಸ್ಕಾಟ್ಲೆಂಡಿನಿಂದ ಕರೆಸಿಕೊಂಡ ಮೇಷ್ಟ್ರು. ಬೇಸಿಗೆಯಿಡೀ ಲಾರೆನ್ಸನ ಆಟ ತಿದ್ದಿದ್ದ. ಬಿಡಿಗಾಸು ಮುಟ್ಟದೆ ಅವನ ಚೀಲವನ್ನೂ ಹೊತ್ತಿದ್ದ. ಇಬ್ಬರ ಹೊಡೆತವೂ ಒಂದೇ ಅಚ್ಚು. ಗುರುವಿಗೆ ತಕ್ಕ ಶಿಷ್ಯ ಎಂದು ವರಾಂಡ ಮೆಚ್ಚಿಕೊಂಡಿತ್ತು.

ಬಾಗಿಲು ತೆರೆದೇ ಇತ್ತು. ಲಾರೆನ್ಸ್ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಮಕ್ಫೀ, ನೀನೇನಾ?"

"ನಾನೇ, ಸರ್."

"ಪೆಂಬರ್ಟನ್ ಎಷ್ಟು ಕೊಟ್ಟ?"

"ಕಾಸಿಗೆ ಬಾಯಿ ಬಿಡೋನಾಗಿದ್ರೆ ಜೂನಲ್ಲೇ ಬಿಡ್ತಿದ್ದೆ."

"ನಿನ್ನ ನಂಬಿದ್ನಲ್ಲ! ಬೆನ್ನಿಗೆ ಚೂರಿ ಹಾಕ್ದೆ. ನಾಳೆ ಗೆದ್ದಿದ್ರೆ, ಮದುವೆ ಆಗಿದ್ರೆ, ನನ್ನ ಬಾಳೇ ಬೇರೆ ಆಗ್ತಿತ್ತು."

"ಗೊತ್ತು. ಅದಕ್ಕೇ ಜನರ ಮುಂದೆ ಸರ್ ಅಂದೆ. ಅಡುಗೆಮನೆ ಬಾಗಿಲಲ್ಲಿ ಓಡಾಡ್ದೆ. ನೀವು ಬಿಸಾಕಿದ ಕೋಲು ಎತ್ಕೊಂಡೆ. ಒಂದಿನಾನೂ ಬೇಜಾರಾಗ್ಲಿಲ್ಲ."

"ಮತ್ತೆ ಇವತ್ತೇನಾಯ್ತು ನಿನಗೆ?"

ಮುದುಕ ದಾರವನ್ನು ಹಲ್ಲಿನಿಂದ ಕಡಿದ. ಮೊದಲ ಬಾರಿಗೆ ತಲೆಯೆತ್ತಿ ಲಾರೆನ್ಸನ ಮುಖವನ್ನು ನೇರವಾಗಿ ನೋಡಿದ.

"ಬೆಳಿಗ್ಗೆ ಆ ಹುಡುಗಿ ನಿಮ್ಮಪ್ಪ ಎಲ್ಲಿದಾರೆ ಅಂತ ಕೇಳಿದ್ಲು. ನೀನು 'ಸತ್ತೋದ್ರು, ನಾನೇ ಮಣ್ಣು ಮಾಡಿ ಬಂದೆ' ಅಂದೆ. ಅಂದವನು ನಿನ್ನ ಚೀಲಾನ ನಿಮ್ಮಪ್ಪನ ಹೆಗಲಿಗೇ ಹಾಕ್ದೆಯಲ್ಲೋ!"