ತಂಪು ಖೋಲಿ

ಫೌಂಡ್ರಿಯ ಭಟ್ಟಿಯಿಂದ ಎದ್ದುಬಂದ ಮಾಯಪ್ಪ ರೂಢಿಯಂತೆ ಸರ್ವರ್ ಕೋಣೆಯೊಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು, ಅಂಗಿಯ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ ನಿಂತ. ಬೆವರು ಮಾತ್ರ ಇಳಿಯುತ್ತಲೇ ಇತ್ತು.

“ಇವತ್ತ ಎ.ಸಿ. ಯಾಕ ಬಂದ್ ಐತ್ರಿ, ಸಾಹೇಬ್ರ?”

ಕಂಪ್ಯೂಟರ್ ನೋಡಿಕೊಳ್ಳುವ ಸುಜಯ ಸುತ್ತುತ್ತಿದ್ದ ವೈರನ್ನು ಕೆಳಗಿಟ್ಟ. ಸ್ವಂತ ಸರ್ವರ್ ಇರಲೋ, ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕ್ಲೌಡ್‌ಗೆ ಹೋಗೋಣವೋ ಎಂದು ಮಾಲೀಕರು ಕೇಳಿದಾಗ ವರದಿ ಬರೆದವನು ಅವನೇ. ಕರೆಂಟು, ರಿಪೇರಿ, ಜಾಗ ಎಲ್ಲವನ್ನೂ ತೂಗಿ ನೋಡಿದ್ದ. ಊಟದ ಹೊತ್ತಿಗೆ ಭಟ್ಟಿಯ ಮಂದಿ ಇಲ್ಲಿ ಬಂದು ನಿಲ್ಲುವ ಐದು ನಿಮಿಷ ಮಾತ್ರ ಅವನಿಗೆ ನೆನಪಾಗಿರಲಿಲ್ಲ.

“ಸರ್ವರ್ ತಗದೀವಿ, ಮಾಯಪ್ಪ. ಎಲ್ಲಾ ಕ್ಲೌಡಿಗೆ ಹೋತು. ಇನ್ನ ಇಲ್ಲಿ ಎ.ಸಿ. ಬೇಕಾಗಂಗಿಲ್ಲ.”

ಮಾಯಪ್ಪ ಕಣ್ಣು ತೆರೆದು, ಸರ್ವರ್ ಇದ್ದ ಖಾಲಿ ಮೂಲೆಯನ್ನು ನೋಡಿದ.

“ಅಂದ್ರ ಅದು ಆ ಡಬ್ಬಿ ಸಲುವಾಗಿ ಇತ್ತೇನ್ರಿ? ಆರು ವರ್ಷ ನಾವು, ಮಾಲಕರು ನಮಗಂತ ಹಚ್ಚಿಸ್ಯಾರಂತ ತಿಳಕೊಂಡಿದ್ವಿ.”

ಒಂದೊಂದೇ ಗುಂಡಿ ಹಾಕಿಕೊಂಡು, ಅವನು ಭಟ್ಟಿಯತ್ತ ನಡೆದ.